ಹಾರ್ಡ್ ಡಿಸ್ಕ್ ಸಾಟಾ ಕನೆಕ್ಟರ್ ಮುರಿದಿದೆ, ಬಯಾಸ್‌ನಲ್ಲೂ ಬರ್ತಿಲ್ಲ (ಅರ್ಜೆಂಟ್)

ಕರಿಹಲಗೆ:
ಕೇಬಲ್ ಎಳೆದಾಗ ಡಿಸ್ಕಿನ ಸಾಟಾ ಕನೆಕ್ಟರ್ (ಕೇಬಲ್ ಸಿಕ್ಕಿಸೋ ಬಾಯಿ) ಕಿತ್ಕೊಂಡ್ ಬಂತು. ಹೊಸ ಕೇಬಲ್ ಹಾಕಿದ್ರೂ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗಿನ ಸೆಟಪ್ ಪರದೆ) ಡಿಸ್ಕ್ ಕಾಣಿಸ್ತಿಲ್ಲ. ಅಂಗಡಿಯವರು ರಿಕವರಿಗೆ ಬಾಯಿಗೆ ಬಂದ ರೇಟ್ ಹೇಳ್ತಾರೆ. ಡಿಸ್ಕ್ ಹೋದ್ರೆ ಹೋಗ್ಲಿ, ಫೈಲ್ ಬೇಕು. ಏನ್ಮಾಡ್ಲಿ?

ಬೋರ್ಡ್‌ಬದ್ಲಿ:
ಪಿಸಿಬಿ (ಡಿಸ್ಕಿನ ಅಡಿಯ ಸರ್ಕ್ಯೂಟ್ ಬೋರ್ಡ್) ಬದಲಾಯಿಸಿ ಗುರು. ಅದೇ ಮಾಡೆಲ್, ಅದೇ ಬೋರ್ಡ್ ನಂಬರಿನ ಸತ್ತ ಡಿಸ್ಕ್ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹುಡುಕಿ. ಟಾರ್ಕ್ಸ್ (ನಕ್ಷತ್ರ ಆಕಾರದ ತಲೆಯ) ಸ್ಕ್ರೂ ಬಿಚ್ಚಿ ಹಾಕೋದು, ಅಷ್ಟೇ.

ಸೀಸದಕಡ್ಡಿ:
ಅಷ್ಟೇ ಅಲ್ಲ ಸಾರ್. ಆ ಡಿಸ್ಕಿನ ಹೆಡ್‌ಗೆ (ಡೇಟಾ ಓದೋ ಭಾಗ) ಹೊಂದಿಸಿದ ಮಾಹಿತಿ ಬೋರ್ಡಿನ ರಾಮ್ ಅಲ್ಲ, ರೋಮ್ ಚಿಪ್‌ನಲ್ಲಿರುತ್ತೆ. ಆ 8 ಕಾಲಿನ ಚಿಪ್ಪನ್ನ ಹಾಟ್ ಏರ್‌ನಲ್ಲಿ ಎತ್ತಿ ಹೊಸ ಬೋರ್ಡಿಗೆ ಕೂರಿಸ್ಬೇಕು. ಕೆಲವದರಲ್ಲಿ ಅದು ಕಂಟ್ರೋಲರ್ (ಬೋರ್ಡಿನ ಮುಖ್ಯ ಚಿಪ್) ಒಳಗೇ ಇರುತ್ತೆ.
@ಕರಿಹಲಗೆ, 2.5 ಇಂಚಾ 3.5 ಇಂಚಾ? ಮುರಿದಿದ್ದು 7 ಪಿನ್ನಿನ ಡೇಟಾ ಕಡೆಯಾ, 15 ಪಿನ್ನಿನ ಪವರ್ ಕಡೆಯಾ? ಪ್ಲಾಸ್ಟಿಕ್ ತುಂಡು ಎಲ್ಲಿ?

ಬೋರ್ಡ್‌ಬದ್ಲಿ:
ರೋಮ್ ಚಿಪ್ ಬದಲಾಯಿಸೋಕೆ ಅಂಗಡಿಗೆ ಕೊಟ್ರಾಯ್ತು. ಬೋರ್ಡೇ ದಾರಿ.

ಕರಿಹಲಗೆ:
3.5. ಚಿಕ್ಕ ಕಡೆ. ತುಂಡು ಹಳೇ ಕೇಬಲ್ ಬಾಯಲ್ಲೇ ಕೂತಿದೆ. ಡಿಸ್ಕಿನಲ್ಲಿ ಪಿನ್ 7ಕ್ಕೆ 7 ಇವೆ, ಎರಡು ಸೊಟ್ಟ.

ಸೀಸದಕಡ್ಡಿ:
ಇದನ್ನ ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ತುಂಡನ್ನ ತೆಗೀಬೇಡಿ, ಹಳೇ ಕೇಬಲ್ಲೇ ಬೇಕು. ಆ ಪ್ಲಾಸ್ಟಿಕ್ ನಾಲಿಗೆ ಹಿಂದಿನಿಂದ ಒತ್ತಿದ್ರೇನೇ ಪಿನ್ನು ಕೇಬಲ್ಲಿನ ಸ್ಪ್ರಿಂಗಿಗೆ ತಾಗೋದು. ಹೊಸ ಕೇಬಲ್‌ನಲ್ಲಿ ಒತ್ತೋಕೆ ಏನೂ ಇಲ್ಲ.
ಪವರ್ ತೆಗೆದು, ಸೂಜಿ ಮೊನೆಯಿಂದ ಸೊಟ್ಟ ಪಿನ್ನನ್ನ ನಿಧಾನ ನೆಟ್ಟಗೆ ಮಾಡಿ. ಹಿಂದೆ ಮುಂದೆ ಬಾಗಿಸಿದ್ರೆ ಬುಡದಲ್ಲೇ ಮುರಿಯುತ್ತೆ. ಪಿನ್ ನಡುವೆ 1.27 ಮಿ.ಮೀ. ಅಂತರ, ಭೂತಗನ್ನಡಿ ಇಟ್ಕೊಳ್ಳಿ. ತುಂಡಿಗೂ ಸ್ಪ್ರಿಂಗಿಗೂ ನಡುವಿನ ಸಂದಿಗೆ ಏಳೂ ಪಿನ್ ಒಟ್ಟಿಗೆ ಜಾರಿಸಿ. ಡಿಟೆಕ್ಟ್ ಆದ್ಮೇಲೆ ಮಾತ್ರ ಅಂಟು.

ಕಡಲೆಪುರಿ:
ಫೆವಿಕ್ವಿಕ್ ಒಂದು ಹನಿ ಸಾಕು.

ಸೀಸದಕಡ್ಡಿ:
ಬೇಡವೇ ಬೇಡ. ತೆಳ್ಳಗೆ ಹರಿದು ಪಿನ್ ಮೇಲೆ ಪದರ ಕಟ್ಟಿದ್ರೆ ಕರೆಂಟ್ ದಾಟಲ್ಲ. ಹಾಟ್ ಗ್ಲೂ, ಅದೂ ಹೊರಗಡೆ.

ಕಡಲೆಪುರಿ:
ಹಾಟ್ ಗ್ಲೂ ಬಿಸಿಗೆ ಮೆತ್ತಗಾಗುತ್ತೆ. ಅರಾಲ್ಡೈಟ್ ಅನ್ನಿ.

ಸೀಸದಕಡ್ಡಿ:
ಫೈಲ್ ಎತ್ತೋ ತನಕ ನಿಂತ್ರೆ ಸಾಕಲ್ವಾ? ಆಮೇಲೆ ಬಿಡಿಸೋಕೂ ಬರ್ಬೇಕು.

ಎನ್‌ಎಎಸ್_ನಂಜ:
ಇದಕ್ಕೇ ನಾನು 4 ಡಿಸ್ಕ್ ಹಿಡಿಯೋ ಎನ್‌ಎಎಸ್ (ನೆಟ್‌ವರ್ಕಿಗೆ ಹಾಕೋ ಡಿಸ್ಕ್ ಪೆಟ್ಟಿಗೆ), ರೇಡ್ 6 (ಎರಡು ಡಿಸ್ಕ್ ಹೋದ್ರೂ ಡೇಟಾ ಉಳಿಯೋ ಜೋಡಣೆ) ಇಟ್ಟಿರೋದು. ಬ್ಯಾಕ್‌ಪ್ಲೇನ್ (ಡಿಸ್ಕನ್ನ ನೇರ ಸಿಕ್ಕಿಸೋ ಬೋರ್ಡ್) ಇದ್ರೆ ಕೇಬಲ್ ಗೋಜೇ ಇಲ್ಲ.

ಬೋರ್ಡ್‌ಬದ್ಲಿ:
ರೇಡ್ ಬ್ಯಾಕಪ್ ಅಲ್ಲ ನಂಜಣ್ಣ.

ಕರಿಹಲಗೆ:
ಬಂತು! ಆದ್ರೆ ಕಾಪಿ ಮಧ್ಯೆ ಡ್ರೈವ್ ಮಾಯ ಆಗುತ್ತೆ.

ಸೀಸದಕಡ್ಡಿ:
ಸ್ಮಾರ್ಟ್‌ನಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಕೊಳ್ಳೋ ಲೆಕ್ಕ) 199ನೇ ಸಾಲು ನೋಡಿ, ಸಿಆರ್‌ಸಿ ಎರರ್, ಅಂದ್ರೆ ಕೇಬಲ್ ದಾಟುವಾಗ ಕೆಟ್ಟ ಡೇಟಾದ ಎಣಿಕೆ. ಏರ್ತಿದ್ರೆ ಸಂಪರ್ಕ ಸಡಿಲ ಇರ್ಬೇಕು, ಅದು ಡೇಟಾ ಕೂತಿರೋ ತಟ್ಟೆಯ ದೋಷ ಅಲ್ಲ. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಲಿಂಕ್ ಸ್ಪೀಡ್ 1.5 ಜಿಬಿಪಿಎಸ್‌ಗೆ ಇಳಿಸಿ. ಸಡಿಲ ಸಂಪರ್ಕ ಅದನ್ನ ತಡ್ಕೊಳ್ಳುತ್ತೆ. ಫೈಲ್ ಎಳೆದು ಹಾಕ್ಬೇಡಿ, ಡಿಡಿರೆಸ್ಕ್ಯೂನಲ್ಲಿ (ಕೆಟ್ಟ ಡಿಸ್ಕಿಂದ ಡೇಟಾ ಎತ್ತೋ ಲಿನಕ್ಸ್ ಪ್ರೋಗ್ರಾಮ್) ಇಮೇಜ್, ಅಂದ್ರೆ ಇಡೀ ಡಿಸ್ಕಿನ ನಕಲು, ತೆಗೀರಿ. ಎಲ್ಲಿವರೆಗೆ ಓದಾಯ್ತು ಅಂತ ಬರೆದಿಡೋ ಮ್ಯಾಪ್ ಫೈಲ್ ಕೊಟ್ರೆ ಕಟ್ ಆದ ಕಡೆಯಿಂದಲೇ ಮುಂದುವರಿಯುತ್ತೆ. ವಿಂಡೋಸ್ ಫಾರ್ಮ್ಯಾಟ್ ಕೇಳಿದ್ರೆ ಕ್ಯಾನ್ಸಲ್.

ಹುಣಸೆಬೀಜ:
ನಂದು ಪವರ್ ಕಡೆ ಮುರಿದಿದೆ. ಇದೇ ಉಪಾಯ ನಡೆಯುತ್ತಾ?

ಸೀಸದಕಡ್ಡಿ:
ಬೇಡ. ಅಲ್ಲಿ 5 ವೋಲ್ಟ್, 12 ವೋಲ್ಟ್ ಎರಡೂ ಬರುತ್ತೆ. ಎಲ್ ಆಕಾರದ ಅಂಚಿಲ್ದೆ ಪ್ಲಗ್ ಒಂಚೂರು ಸರಿದ್ರೂ ಬೋರ್ಡ್ ಸುಟ್ಟುಹೋಗ್ಬಹುದು. ಬೇರೆ ಥ್ರೆಡ್ ತೆಗೆದು ಎರಡೂ ಬದಿ ಫೋಟೋ ಹಾಕಿ.