ಸಹಾಯ ಬೇಕು: ಮೈಸೂರಿನಲ್ಲಿ ಎರಡು ತಿಂಗಳ ಕೆಲಸ

ಎಲ್ಲರಿಗೂ ನಮಸ್ಕಾರ. ಈ ವರ್ಷ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗ ಮುಗಿಸಿದ್ದೇನೆ, 18 ವರ್ಷ ತುಂಬಿದೆ. ಬಿ.ಕಾಂ. ತರಗತಿ ಆರಂಭವಾಗುವವರೆಗೆ ದುಡಿದು ಕಾಲೇಜು ಶುಲ್ಕದಲ್ಲಿ ಸ್ವಲ್ಪವನ್ನಾದರೂ ನಾನೇ ಹೊಂದಿಸಬೇಕೆಂದಿದ್ದೇನೆ. ಅಪ್ಪನೊಬ್ಬರ ದುಡಿಮೆಯಲ್ಲೇ ತಂಗಿಯ ಓದೂ ನಡೆಯಬೇಕು.

ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಚೆನ್ನಾಗಿ ಬರುತ್ತದೆ, ಲೆಕ್ಕಪತ್ರ ಇಡುವ ಟ್ಯಾಲಿ ತಂತ್ರಾಂಶವೂ ತಕ್ಕಮಟ್ಟಿಗೆ ಗೊತ್ತು. ಸರಸ್ವತಿಪುರಂ, ಅಗ್ರಹಾರ, ದೇವರಾಜ ಅರಸು ರಸ್ತೆಯ ಸುತ್ತಮುತ್ತ ಜೆರಾಕ್ಸ್ ಅಂಗಡಿ, ಬಟ್ಟೆ ಅಂಗಡಿ, ಲೆಕ್ಕಪರಿಶೋಧಕರ ಕಚೇರಿ, ಎಲ್ಲಾದರೂ ಸರಿ. ಶಾಲೆಗಳು ತೆರೆಯುವ ಹೊತ್ತಿಗೆ ಪಠ್ಯಪುಸ್ತಕ, ನೋಟ್‌ಬುಕ್ ಮಾರುವ ಅಂಗಡಿಗಳಲ್ಲಿ ಕೆಲಸಕ್ಕೆ ಹೆಚ್ಚು ಜನ ಬೇಕಾಗುತ್ತದಲ್ಲವೇ? ಅಲ್ಲಿ ಯಾವಾಗ ಹೋಗಿ ಕೇಳಿದರೆ ಒಳ್ಳೆಯದು?

ಕಳೆದ ವಾರ ಒಂದು ಕಡೆ ಮೂಲ ಅಂಕಪಟ್ಟಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತೇವೆ ಎಂದರು. ಪದವಿ ಪ್ರವೇಶಕ್ಕೆ ಬೇಕೇಬೇಕಾದ ಕಾಗದವನ್ನು ಹೇಗೆ ಬಿಟ್ಟುಕೊಡಲಿ? ಇನ್ನೊಂದು ಕಡೆ ಕೆಲಸ ತೋರಿಸುವ ಮೊದಲೇ ಎರಡು ಸಾವಿರ ರೂಪಾಯಿ ನೋಂದಣಿ ಶುಲ್ಕ ಕೇಳಿದರು. ಎರಡಕ್ಕೂ ಒಪ್ಪದೆ ಎದ್ದು ಬಂದೆ. ಇದನ್ನು ಕೇಳಿದಾಗಿನಿಂದ ಅಮ್ಮ ಕೆಲಸವೇ ಬೇಡ ಎನ್ನುತ್ತಿದ್ದಾರೆ. ನನಗೆ ಮಾತ್ರ ಸುಮ್ಮನೆ ಕೂರಲು ಮನಸ್ಸಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಸಂಜೆ ಏಳರೊಳಗೆ ಮನೆ ಸೇರಬಹುದಾದ, ನಂಬಿಕೆಯ ಜಾಗ ತಿಳಿದಿದ್ದರೆ ದಯವಿಟ್ಟು ಹೇಳಿ. ಮೊದಲ ಕೆಲಸಕ್ಕೆ ಸಂಬಳದ ಮಾತನ್ನು ಹೇಗೆ ಎತ್ತಬೇಕು ಎಂಬುದನ್ನೂ ತಿಳಿಸಿ.