ಜೂನ್‌ನಲ್ಲಿ ಶಿಕಾಗೊ, ಮೆಂಫಿಸ್: ವೀಸಾ, ಗಿಟಾರ್, ಜ್ಯಾಮ್ ಬಗ್ಗೆ ಕೇಳ್ಲಿಕ್ಕುಂಟು

ಬಿಜೈ ಬಾಸ್‌ಲೈನ್:
ನಮ್ಮದು ಮಂಗಳೂರಿನ ನಾಲ್ಕು ಜನರ ಬ್ಲೂಸ್ ಬ್ಯಾಂಡ್. ಗಿಟಾರ್, ಬಾಸ್, ಡ್ರಮ್ಸ್, ಹಾರ್ಮೋನಿಕ. ಏಪ್ರಿಲ್-ಮೇ ತಿಂಗಳ ಮದುವೆ, ರೋಸ್ (ಇಲ್ಲಿಯ ಕ್ರೈಸ್ತರ ಮದುವೆ ಮುಂಚಿನ ಶಾಸ್ತ್ರ) ಗಲಾಟೆ ಮುಗಿದ ಮೇಲೆ ಅಮೆರಿಕದ ಬ್ಲೂಸ್ ಊರುಗಳಾದ ಶಿಕಾಗೊ, ಮೆಂಫಿಸ್, ಕ್ಲಾರ್ಕ್ಸ್‌ಡೇಲ್ ಸುತ್ತುವ ಅಂದಾಜು. ಮುಖ್ಯವಾಗಿ ಕೇಳ್ಲಿಕ್ಕೆ, ಸಿಕ್ಕಿದ್ರೆ ಜ್ಯಾಮ್‌ನಲ್ಲಿ (ಬಂದವರೂ ಹೆಸರು ಬರೆಸಿ ವೇದಿಕೆ ಹತ್ತಿ ನುಡಿಸುವ ಕೂಟ) ಒಂದೆರಡು ಹಾಡು. ದುಡ್ಡು ತಗೊಳ್ಳದಿದ್ರೆ ವಿಸಿಟರ್ ವೀಸಾ ಸಾಕಲ್ವಾ? ಪೆಡಲ್‌ಬೋರ್ಡ್ (ಗಿಟಾರ್ ಸದ್ದು ಬದಲಿಸುವ ಪೆಡಲ್‌ಗಳ ಹಲಗೆ) ಹೊರಬೇಕಾ?

ಕದ್ರಿ ಟ್ವೆಲ್ವ್‌ಬಾರ್:
ಹೆಚ್ಚಿನವರು ಎಡವುದು ಈ "ದುಡ್ಡು ತಗೊಳ್ಳುದಿಲ್ಲ" ಎಂಬಲ್ಲೇ. ಬಿ-2, ಅಂದ್ರೆ ವಿಸಿಟರ್ ವೀಸಾದಲ್ಲಿ ನುಡಿಸುವ ರಿಯಾಯಿತಿ ಹವ್ಯಾಸಿಗಳಿಗೆ ಮಾತ್ರ. ಅದೂ ಸಂಭಾವನೆ ಇಲ್ಲದೆ, ಸಾಮಾಜಿಕ ಅಥವಾ ದತ್ತಿ ಕಾರ್ಯಕ್ರಮದಲ್ಲಿ, ಇಲ್ಲವೇ ಸ್ಪರ್ಧೆಯಲ್ಲಿ. ಊರಲ್ಲಿ ದುಡ್ಡು ತಗೊಂಡು ನುಡಿಸುವವರು ಅಲ್ಲಿ ಪುಕ್ಕಟೆ ನುಡಿಸ್ತೇವೆ ಅಂದ್ರೂ ಅದರೊಳಗೆ ಬರುದಿಲ್ಲ, ಅದು ನಿಮ್ಮ ಹೊಟ್ಟೆಪಾಡಲ್ಲದಿದ್ರೂ. ಬ್ಯಾಂಡ್ ಹೆಸರಲ್ಲಿ ಶೋ ಬೇಕಾದ್ರೆ ಕಲಾವಿದರಿಗಿರುವ ಪಿ ಅಥವಾ ಓ ವರ್ಗದ ವೀಸಾ, ಅದಕ್ಕೆ ಅಲ್ಲಿಯ ಪ್ರಾಯೋಜಕರೋ ಏಜೆಂಟರೋ ಮೊದಲು ಅರ್ಜಿ ಹಾಕಬೇಕು. ಜ್ಯಾಮ್‌ಗೆ ಹೆಸರು ಬರೆಸುವ ಮೊದಲೂ ವಲಸೆ ವಕೀಲರನ್ನು ಕೇಳಿ. ಕೇಳ್ಲಿಕ್ಕೆ ಹೋಗುದಾದ್ರೆ ಕೇಳ್ಲಿಕ್ಕೇ ಹೋಗಿ, ನನ್ನ ಪ್ರಕಾರ ಅದರಲ್ಲೇ ಲಾಭ ಹೆಚ್ಚು.

ಮಲ್ಪೆ ಟ್ರಸ್‌ರಾಡ್:
ಪೆಡಲ್‌ಬೋರ್ಡ್ ಬೇಡ ಮಾರಾಯ್ರೆ. ಒಂದು ಗಿಟಾರ್, ಒಂದು ಕೇಬಲ್, ಕ್ಲಿಪ್ ಟ್ಯೂನರ್, ಬೇಕಾದ್ರೆ ಸದ್ದು ಒರಟು ಮಾಡುವ ಒಂದು ಓವರ್‌ಡ್ರೈವ್ ಪೆಡಲ್. ಅಲ್ಲಿ ಕರೆಂಟ್ 120 ವೋಲ್ಟ್, 60 ಹರ್ಟ್ಸ್. ಅಡಾಪ್ಟರ್ ಮೇಲೆ "100-240" ಅಂತ ಇದ್ರೆ ಪಿನ್ ಬದಲಿಸಿದ್ರೆ ಸಾಕು. ಬರೀ 230 ಅಂತ ಇರುವ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಅರ್ಧ ವೋಲ್ಟೇಜ್ ಮಾತ್ರ ಕೊಡ್ತದೆ, ಪೆಡಲ್ ಸರಿಯಾಗಿ ಏಳುದಿಲ್ಲ.

ಅಮೆರಿಕದ ಏರ್‌ಲೈನ್‌ಗಳಿಗೆ 2015ರಿಂದ ನಿಯಮ ಉಂಟು: ಹತ್ತುವಾಗ ಮೇಲಿನ ಬಿನ್‌ನಲ್ಲಿ ಜಾಗ ಇದ್ರೆ ಗಿಟಾರನ್ನು ಕ್ಯಾಬಿನ್‌ಗೆ ಬಿಡಬೇಕು. ಬಜ್ಪೆಯಿಂದ (ಮಂಗಳೂರು ವಿಮಾನ ನಿಲ್ದಾಣ) ಹೊರಟು ಮುಂದೆ ಗಲ್ಫ್ ಏರ್‌ಲೈನ್ ಹಿಡಿದ್ರೆ ಅದು ಲೆಕ್ಕಕ್ಕಿಲ್ಲ, ಅವರದ್ದೇ ನಿಯಮ. ಹಾಗಾಗಿ ಗಟ್ಟಿ ಕೇಸ್ ಇರಲಿ. ತಂತಿಯನ್ನು ಅರ್ಧದಿಂದ ಒಂದು ಸ್ವರದಷ್ಟು ಇಳಿಸಿ, ಪೂರ್ತಿ ಸಡಿಲ ಮಾಡಬೇಡಿ. ಹೆಡ್‌ಸ್ಟಾಕ್ (ತಂತಿ ತಿರುಗಿಸುವ ಕೀಲಿ ಇರುವ ತುದಿ) ಅಡಿಗೆ ಬಟ್ಟೆ ತುಂಬಿಸಿ, ಕೇಸ್ ಬಿದ್ರೆ ಮುರಿಯುದು ಅಲ್ಲೇ. ಅಲೆನ್ ಕೀ, ಕಟ್ಟರ್, ಹೆಚ್ಚುವರಿ ತಂತಿ ಚೆಕ್-ಇನ್ ಬ್ಯಾಗ್‌ಗೆ. ಪವರ್ ಬ್ಯಾಂಕ್ ಮಾತ್ರ ಕೈಯಲ್ಲೇ.

ನಮ್ಮ ಮಳೆಗಾಲದ ತೇವ ಕುಡಿದ ಮರ ವಿಮಾನದ, ಎಸಿಯ ಒಣಗಾಳಿಗೆ ಕುಗ್ಗುತ್ತದೆ. ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ) ತುದಿ ಹೊರಗೆ ಚುಚ್ಚುತ್ತದೆ, ನೆಕ್ (ಗಿಟಾರಿನ ಕುತ್ತಿಗೆ) ಹಿಂದಕ್ಕೆ ಬಾಗಿ ತಂತಿ ಬಡಿಯುತ್ತದೆ. ಎರಡು ದಿನ ಒಗ್ಗಿಕೊಳ್ಳಲಿ, ಮತ್ತೆ ಟ್ರಸ್ ರಾಡ್ (ನೆಕ್ ಬಾಗು ಸರಿ ಮಾಡುವ ಒಳಗಿನ ಲೋಹದ ಸರಳು) ಕಾಲು ಸುತ್ತು ಸಡಿಲಿಸಿ ನೋಡಿ.

ಕಸ್ಟಮ್ಸ್ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ (ವಾಪಸ್ ಬರುವಾಗ ವಾದ್ಯಕ್ಕೆ ಸುಂಕ ಕೇಳದ ಹಾಗೆ, ಇಲ್ಲಿಂದಲೇ ಒಯ್ದದ್ದು ಅನ್ನುವ ಪತ್ರ) ಬಿಡಬೇಡಿ. ಬಿಲ್, ಸೀರಿಯಲ್ ನಂಬರ್ ಬೇಕು, ವಾದ್ಯವನ್ನು ಅಧಿಕಾರಿಗೆ ತೋರಿಸಬೇಕು. ಮುಂಬೈ ಮೂಲಕ ಹೋಗುದಾದ್ರೆ ಅದು ಆಗುದು ಮುಂಬೈಯಲ್ಲಿ. ಕೇಸನ್ನು ಬಜ್ಪೆಯಲ್ಲೇ ಕೊನೇ ಊರಿಗೆ ಬುಕ್ ಮಾಡಿದ್ರೆ ಅಲ್ಲಿ ತೋರಿಸ್ಲಿಕ್ಕೆ ಕೈಯಲ್ಲಿ ಎಂತ ಉಂಟು?

ಕಾಪು ಕ್ರಾಸ್‌ಹಾರ್ಪ್:
ಶಿಕಾಗೊ ಬ್ಲೂಸ್ ಫೆಸ್ಟಿವಲ್ ಜೂನ್‌ನಲ್ಲೇ, ಮಿಲೇನಿಯಂ ಪಾರ್ಕ್‌ನಲ್ಲಿ, ಪ್ರವೇಶ ಉಚಿತ. ಹಗಲು ಅಲ್ಲಿ, ರಾತ್ರಿ ಕ್ಲಬ್. ಕಿಂಗ್ಸ್‌ಟನ್ ಮೈನ್ಸ್‌ನಲ್ಲಿ ಎರಡು ವೇದಿಕೆ, ಎರಡು ಬ್ಯಾಂಡ್ ಸರದಿಯಲ್ಲಿ ನುಡಿಸ್ತವೆ. ರೋಸಾಸ್ ಲೌಂಜ್ ಚಿಕ್ಕದು, ಡ್ರಮ್ಮರ್‌ನ ಕೈ ಹತ್ತಿರದಿಂದ ನೋಡ್ಬಹುದು. ಪಾಸ್‌ಪೋರ್ಟ್ ಜೇಬಲ್ಲಿರಲಿ, ಹೆಚ್ಚಿನ ಕಡೆ 21 ವರ್ಷ ತುಂಬಿರಬೇಕು. ಶಿಕಾಗೊದಿಂದ ಮೆಂಫಿಸ್‌ಗೆ ಆ್ಯಮ್‌ಟ್ರಾಕ್‌ನ ರಾತ್ರಿ ರೈಲು ಉಂಟು. ಮೆಂಫಿಸ್‌ನಿಂದ ಕ್ಲಾರ್ಕ್ಸ್‌ಡೇಲ್ ಸುಮಾರು 120 ಕಿ.ಮೀ., ಕಾರೇ ಬೇಕು.

ವಕೀಲರು ಜ್ಯಾಮ್‌ಗೆ ಸರಿ ಅಂದ್ರೆ: ಮೊದಲ ಸೆಟ್ ಮನೆ ಬ್ಯಾಂಡಿನದು (ಆ ಕ್ಲಬ್ಬಿನ ಖಾಯಂ ಬ್ಯಾಂಡ್), ಅದು ಮುಗಿಯುವ ಮೊದಲೇ ಹೆಸರು, ವಾದ್ಯ ಬರೆಸಿ. ನಾಲ್ವರನ್ನೂ ಒಟ್ಟಿಗೆ ಹತ್ತಿಸ್ತಾರೆ ಅಂತ ನಂಬಬೇಡಿ. "ಶಫಲ್ ಇನ್ ಎ, ಕ್ವಿಕ್ ಚೇಂಜ್, ಫ್ರಮ್ ದ ಫೈವ್" ಅಂದ್ರೆ ಎ ಶ್ರುತಿಯಲ್ಲಿ, ತೂಗುವ ಶಫಲ್ ಲಯದಲ್ಲಿ, 12 ಬಾರ್‌ನ (ಬಾರ್ ಅಂದ್ರೆ ತಾಳದ ಒಂದು ಆವರ್ತ) ಸುತ್ತನ್ನು 9ನೇ ಬಾರ್‌ನಿಂದ ಇ ಕಾರ್ಡಲ್ಲಿ ಶುರು, ಸುತ್ತು ಬಂದಾಗ 2ನೇ ಬಾರ್‌ನಲ್ಲೇ ಡಿ ಕಾರ್ಡಿಗೆ ಹೋಗುದು. ಸೋಲೊ ಎರಡು ಕೋರಸ್ (ಸುತ್ತು), ಅಂದ್ರೆ 24 ಬಾರ್, ಅಷ್ಟೇ. ಬೇರೆಯವರು ಹಾಡುವಾಗ ನಡುವೆ ಫಿಲ್ (ಚಿಕ್ಕ ಗಿಟಾರ್ ತುಣುಕು) ತುರುಕಬೇಡಿ. ನಮ್ಮ ಕರಾವಳಿಯ ಗಿಟಾರಿಸ್ಟ್‌ಗಳಿಗೆ ಕಷ್ಟ ಆಗುದು ಇದೇ!

ಹಾರ್ಪ್ (ಅಂದ್ರೆ ಹಾರ್ಮೋನಿಕ): ಎ, ಸಿ, ಡಿ, ಎಫ್ ಶ್ರುತಿಯವು ಸಾಕು. ಕ್ರಾಸ್ ಪೊಸಿಷನ್‌ನಲ್ಲಿ (ಹಾರ್ಪ್‌ನ ಶ್ರುತಿಯ ಐದನೇ ಸ್ವರವನ್ನು ಆಧಾರ ಮಾಡಿ ನುಡಿಸುದು) ಇ, ಜಿ, ಎ, ಸಿ ಸಿಗ್ತದೆ. ಬಿ ಫ್ಲ್ಯಾಟ್ ಕೂಡ ತಗೊಂಡ್ರೆ ಎಫ್‌ನಲ್ಲಿ ಹಾಡುವವರಿಗೂ ಆಯ್ತು.

ಬಿಜೈ ಬಾಸ್‌ಲೈನ್:
ಉಪಕಾರ ಆಯ್ತು. ಡ್ರಮ್ಮರ್ ತನ್ನ ಸ್ನೇರ್ ಡ್ರಮ್ ತರ್ತೇನೆ ಅಂತ ಹಠ ಮಾಡ್ತಿದ್ದಾನೆ.

ಕಾಪು ಕ್ರಾಸ್‌ಹಾರ್ಪ್:
ಸ್ಟಿಕ್ಸ್, ಒಂದು ಜೊತೆ ಬ್ರಶ್ ಮಾತ್ರ. ಕಿಟ್ ಮನೆ ಬ್ಯಾಂಡಿನದ್ದು. ಸ್ಟೂಲಿನ ಎತ್ತರ ಬಿಟ್ಟು ಬೇರೆ ಯಾವುದನ್ನೂ ಕೇಳದೆ ಮುಟ್ಟಬಾರದು ಅಂತ ಹೇಳಿ.