ಖಾರಾಬಾತ್‌ನಲ್ಲಿ ಅಕ್ಕಿ ಎಲ್ಲಿದೆ? ‘ಬಾತ್’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಹೋಟೆಲ್ ತಿಂಡಿಗಳ ಹೆಸರುಗಳನ್ನು ಕೆಲವು ದಿನಗಳಿಂದ ಬರೆದಿಟ್ಟುಕೊಳ್ಳುತ್ತಿದ್ದೇನೆ. ಖಾಲಿ ದೋಸೆ, ಸೆಟ್ ದೋಸೆ, ಬೈಟು ಕಾಫಿ, ‘ಇಡ್ಲಿ ಡಿಪ್ಪಾ, ಸೆಪರೇಟಾ?’ ಇವೆಲ್ಲ ಹೆಚ್ಚು ತಲೆ ಕೆಡಿಸಿಕೊಳ್ಳದೆ ಅರ್ಥ ಆಗುತ್ತವೆ. ಪಲ್ಯ ಇಲ್ಲದ್ದು ಖಾಲಿ, ಒಟ್ಟಿಗೆ ಬರುವುದು ಸೆಟ್ಟು, ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡರೆ ಬೈಟು. ನನ್ನ ತಕರಾರು ಇರುವುದು ‘ಬಾತ್’ ಜೊತೆ.

ಮರಾಠಿಯಲ್ಲಿ ಭಾತ್ ಅಂದರೆ ಅನ್ನ. ಸಂಸ್ಕೃತದ ‘ಭಕ್ತ’ ಪ್ರಾಕೃತದಲ್ಲಿ ‘ಭತ್ತ’ ಆಗಿ, ಅಲ್ಲಿಂದ ಭಾತ್ ಆಯಿತು. ವಾಂಗಿ ಕೂಡ ಮರಾಠಿಯದೇ, ಬದನೆಕಾಯಿ. ಹಾಗಾಗಿ ವಾಂಗಿಬಾತ್ ಅಂದರೆ ಬದನೆಕಾಯಿ ಅನ್ನ, ಲೆಕ್ಕ ಸರಿ. ಬಿಸಿಬೇಳೆಬಾತ್‌ನಲ್ಲೂ ಅಕ್ಕಿ ಇದೆ, ಅದಕ್ಕೂ ತೊಂದರೆ ಇಲ್ಲ. ಆದರೆ ಖಾರಾಬಾತ್ ಮತ್ತು ಕೇಸರಿಬಾತ್? ಎರಡೂ ರವೆ. ಹುಡುಕಿದರೂ ಒಂದು ಕಾಳು ಅಕ್ಕಿ ಸಿಗಲ್ಲ.

ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಬೆಂದ ರವೆ ಅನ್ನದ ಹಾಗೆ ಉದುರುದುರಾಗಿ ಇರುತ್ತೆ, ಅದಕ್ಕೇ ಬಾತ್. ಇದು ನನಗೆ ಒಪ್ಪಿಗೆ ಆಗಲ್ಲ. ಮನೆಯ ಉಪ್ಪಿಟ್ಟು ಹೋಟೆಲಿನ ಖಾರಾಬಾತ್‌ಗಿಂತ ಜಾಸ್ತಿ ಉದುರಾಗಿರುತ್ತೆ, ಅದನ್ನು ಯಾರೂ ಬಾತ್ ಅನ್ನಲ್ಲ. ಇನ್ನು ತುಪ್ಪ ಕುಡಿದು ಮುದ್ದೆಯಾಗಿ ಕೂತ ಕೇಸರಿಬಾತ್‌ಗೂ ಅನ್ನಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ?

ನನ್ನ ಊಹೆ ಬೇರೆ. ಖಾರಾಬಾತ್‌ಗೂ ಉಪ್ಪಿಟ್ಟಿಗೂ ಇರುವ ವ್ಯತ್ಯಾಸ ನೋಡಿ. ಉಪ್ಪಿಟ್ಟು ಅಂದರೆ ಒಗ್ಗರಣೆ, ಹಸಿಮೆಣಸಿನಕಾಯಿ, ಈರುಳ್ಳಿ, ಮೇಲೆ ಕಾಯಿತುರಿ. ಖಾರಾಬಾತ್‌ಗೆ ಟೊಮೆಟೊ, ಬಟಾಣಿ, ಕ್ಯಾರೆಟ್ಟು, ಬೀನ್ಸು ಬೀಳುತ್ತವೆ, ಅದಕ್ಕಿಂತ ಮುಖ್ಯವಾಗಿ ವಾಂಗಿಬಾತ್ ಪುಡಿ ಬೀಳುತ್ತೆ. ಅಂದರೆ ಬಾತ್ ಅನ್ನುವ ಹೆಸರು ಬಂದಿರುವುದು ಅಕ್ಕಿಯ ಕಡೆಯಿಂದ ಅಲ್ಲ, ಪುಡಿಯ ಕಡೆಯಿಂದ. ‘ಬಾತ್ ಪುಡಿ ಹಾಕಿದ್ದೆಲ್ಲ ಬಾತ್’ ಅಂತಾಗಿ, ಆಮೇಲೆ ಆ ಖಾರದ ಬಾತ್‌ಗೆ ಜೋಡಿಯಾಗಿ ಪಕ್ಕದ ಸಿಹಿಗೂ ಅದೇ ಹೆಸರು ಅಂಟಿರಬೇಕು. ತಮಿಳಿನವರು ಸುಮ್ನೆ ಕೇಸರಿ ಅನ್ನುತ್ತಾರೆ. ಬಾತ್ ಸೇರಿಸಿದವರು ನಾವೇ.

ಇದಕ್ಕೆ ಸಾಕ್ಷಿ ದರ್ಶಿನಿಗಳ ಬೋರ್ಡಿನಲ್ಲೇ ಇದೆ. ಶಾವಿಗೆ ಬಾತ್, ಅವಲಕ್ಕಿ ಬಾತ್, ಟೊಮೆಟೊ ಬಾತ್, ಅವುಗಳ ಕೆಳಗೆ ‘ರೈಸ್ ಬಾತ್’! ಅನ್ನ ಅನ್ನ ಅಂತ ಎರಡು ಸಲ ಹೇಳಿದ ಹಾಗಾಯಿತು. ಯಾರಿಗೂ ಅದು ವಿಚಿತ್ರ ಅನಿಸಲ್ಲ, ಯಾಕಂದರೆ ಬಾತ್‌ನಲ್ಲಿದ್ದ ಅಕ್ಕಿ ಎಂದೋ ಖಾಲಿಯಾಗಿದೆ, ಅಕ್ಕಿ ಬೇಕಾದರೆ ಬೇರೆಯಾಗಿ ಹೇಳಲೇಬೇಕು. ‘ಕ್ಯಾಪ್ಸಿಕಂ ವಾಂಗಿಬಾತ್’ ಕೂಡ ಇದೇ ಜಾತಿ. ಬದನೆಕಾಯಿ ಹೋಗಿ ದೊಣ್ಣೆಮೆಣಸಿನಕಾಯಿ ಬಂದರೂ ವಾಂಗಿ ಮಾತ್ರ ಜಾಗ ಬಿಟ್ಟಿಲ್ಲ.

ಹೋಟೆಲಿನವರ ಜಾಣತನವೂ ಇದರಲ್ಲಿ ಇದ್ದೇ ಇದೆ. ಮನೆಯಲ್ಲಿ ಉಪ್ಪಿಟ್ಟು ಅಂದರೆ ಮುಖ ಸಿಂಡರಿಸಿ ‘ಕಾಂಕ್ರೀಟ್’ ಅನ್ನುವ ಊರಿದು. ಅದೇ ಹೆಸರಲ್ಲಿ ಮಾರಿದರೆ ಯಾರು ಕಾಸು ಕೊಡುತ್ತಾರೆ? ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿ, ಅಲ್ಲಿನ ತಿಂಡಿಪಟ್ಟಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಅಷ್ಟಕ್ಕೇ ಹೆಸರಾದದ್ದು, ಸಾಂಬಾರೂ ಇಲ್ಲ, ಬರೀ ಚಟ್ನಿ, ಆದರೂ ಜನ ರಸ್ತೆಯಲ್ಲೇ ನಿಂತು ತಿನ್ನುತ್ತಾರೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ಆ ಒಂದು ಹೋಟೆಲಿನ ಹೆಸರೇ ನಿಂತು ತಿನ್ನುವ ಹೋಟೆಲುಗಳಿಗೆಲ್ಲ ಹೆಸರಾದ ಮೇಲಂತೂ ಬಾತ್‌ಗಳು ಗಲ್ಲಿಗಲ್ಲಿಗೂ ಬಂದವು.

ಈಗ ಚೌಚೌ ಬಾತ್. ಬಡಿಸುವವರು ಸಣ್ಣ ಸ್ಟೀಲ್ ಬಟ್ಟಲಿಗೆ ಖಾರಾಬಾತ್ ಒತ್ತಿ ತಟ್ಟೆಗೆ ಕವುಚುತ್ತಾರೆ, ಪಕ್ಕದಲ್ಲೇ ಕೇಸರಿಬಾತ್ ಇನ್ನೊಂದು ಗುಡ್ಡೆ, ಎರಡರ ನಡುವೆ ಚಟ್ನಿ ಹರಿದು ಸಿಹಿಗೆ ತಾಗಿರುತ್ತೆ. (ತಾಗಬಾರದು ಅಂತ ಗಲಾಟೆ ಮಾಡುವವರೂ ಇದ್ದಾರೆ. ನಾನು ಆ ಪಕ್ಷ ಅಲ್ಲ.) ಇಲ್ಲಿ ‘ಚೌಚೌ’ ಏನು? ಸೀಮೆಬದನೆಕಾಯಿಗೂ ಚೌಚೌ ಅನ್ನುತ್ತಾರೆ, ಆದರೆ ತಟ್ಟೆಯಲ್ಲಿ ಅದರ ಸುಳಿವೇ ಇಲ್ಲ. ಖಾರಾ ಮಿಕ್ಸ್‌ಚರ್‌ಗೂ ನಮ್ಮ ಕಡೆ ಚೌಚೌ ಅಂತಾರೆ, ನಂಟು ಇರುವುದು ಅಲ್ಲೇ ಅನಿಸುತ್ತೆ. 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಈ ಪದ ಇದೆ. ಚೀನಾದ ಬಂದರುಗಳ ವ್ಯಾಪಾರಿ ಇಂಗ್ಲಿಷಿನಿಂದ ಬಂದದ್ದು, ಬಗೆಬಗೆಯದನ್ನು ಬೆರೆಸಿದ್ದು ಅನ್ನುವ ಅರ್ಥ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಚೌಚೌ ಉಂಟು. ಎಲೆಕೋಸು, ಹಸಿರು ಟೊಮೆಟೊ, ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ವಿನೆಗರ್‌ನಲ್ಲಿ ಹಾಕಿದ ಉಪ್ಪಿನಕಾಯಿ, ಬೇಯಿಸಿದ ಬೀನ್ಸ್ ಮೇಲೆ ಹಾಕಿಕೊಳ್ಳುತ್ತಾರೆ. ಅಟ್ಲಾಂಟಾ ಕಡೆ ಇರುವ ಕನ್ನಡಿಗರು ಹೋಟೆಲಲ್ಲಿ ಚೌಚೌ ಅಂತ ಓದಿ ಆಸೆಪಟ್ಟರೆ ಬರುವುದು ಅದೇ.

ಇನ್ನು ಬೆಂಗಳೂರು ಬಿಟ್ಟು ಹೊರಗೆ ಬಂದರೆ ಈ ಬಾತ್ ಬೇಗ ಕರಗುತ್ತೆ. ಉಡುಪಿ, ಮಂಗಳೂರಲ್ಲಿ ಸಜ್ಜಿಗೆ, ಶೀರಾ. ಅಲ್ಲಿಯೂ ಜೋಡಿ ಇದೆ, ಸಜ್ಜಿಗೆ ಬಜಿಲ್, ಅಂದರೆ ಉಪ್ಪಿಟ್ಟಿನ ಜೊತೆ ಅವಲಕ್ಕಿ. ಧಾರವಾಡದ ಕಡೆ ಉಪ್ಪಿಟ್ಟು, ಶಿರಾ. ಆದರೆ ಅಲ್ಲಿ ‘ಸಜ್ಜಕ’ ಅಂದರೆ ಗೋಧಿರವೆ, ಬೆಲ್ಲದ ಸಿಹಿ! ಕರಾವಳಿಯಲ್ಲಿ ಖಾರ, ಬಯಲುಸೀಮೆಯಲ್ಲಿ ಸಿಹಿ, ಎರಡೂ ಒಂದೇ ಪದದ ಮಕ್ಕಳ ಹಾಗೆ ಕಾಣುತ್ತವೆ ಅಲ್ವಾ?

ಮಿಲಿಟರಿ ಹೋಟೆಲ್ ಬೋರ್ಡುಗಳಲ್ಲಿ ನಾನು ಬಾತ್ ನೋಡಿಲ್ಲ, ಅಲ್ಲಿ ಎಲ್ಲ ಪಲಾವ್, ಬಿರಿಯಾನಿ. ಅಲ್ಲಿಗೂ ಮರಾಠಿ ನಂಟು ಇರುವುದರಿಂದ ಇದು ಸ್ವಲ್ಪ ಆಶ್ಚರ್ಯ. ನೀವು ನೋಡಿದ್ದರೆ ಯಾವ ಊರು ಅಂತ ತಿಳಿಸಿ.

ನನಗೆ ಬೇಕಾದದ್ದು ಎರಡು. ಶಿವಮೊಗ್ಗ, ಹಾಸನ, ದಾವಣಗೆರೆ, ಬಳ್ಳಾರಿ ಕಡೆಯವರು ನಿಮ್ಮ ಮನೆಯಲ್ಲಿ (ಹೋಟೆಲಲ್ಲಿ ಅಲ್ಲ) ರವೆ ತಿಂಡಿಗೆ ಬಾತ್ ಅನ್ನುತ್ತಾರಾ, ಅಂದರೆ ಯಾವುದಕ್ಕೆ, ಬರೆಯಿರಿ. ಎರಡನೆಯದು, ಮನೆಯಲ್ಲಿ ಹಳೆಯ ಅಡುಗೆ ಪುಸ್ತಕವೋ ಹೋಟೆಲಿನ ತಿಂಡಿಪಟ್ಟಿಯೋ ಇದ್ದು ಅದರಲ್ಲಿ ಖಾರಾಬಾತ್ ಅಂತ ಅಚ್ಚಾಗಿದ್ದರೆ ಆ ಪುಟದ ಫೋಟೋ ಕಳಿಸಿ, ಅಚ್ಚಾದ ವರ್ಷ ಕಾಣುವ ಹಾಗೆ. ಬಾತ್ ಅಂತ ಇದೆಯಾ ಭಾತ್ ಅಂತ ಇದೆಯಾ ಅನ್ನುವುದೂ ಅದರಿಂದಲೇ ಗೊತ್ತಾಗುತ್ತೆ.